ಶ್ರೀಗಂಧದ ಕಾವಲಿನ ಕುರಿರಕ್ತ

ಕುರಿಯ ಕತ್ತಿನಲ್ಲಿ ರಕ್ತನಾಳ ಎಲ್ಲಿ ಹಾದುಹೋಗುತ್ತದೆ ಎಂದು ಉಣ್ಣೆಯೊಳಗೆ ಬೆರಳಾಡಿಸಿ ಹುಡುಕುವುದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಕಲಿಸಿದ್ದು ಬೆಂಗಳೂರಿನ ಶ್ರೀಗಂಧದ ಕಾವಲಿನ ಒಬ್ಬ ಅಜ್ಜಿ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ವಿಜಯನಗರದಲ್ಲಿ ಮನೆ, ರಾಜಾಜಿನಗರದ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನೀಷಿಯನ್ ಕೆಲಸ. ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಜನರ ಕೈಗೆ ಮೊಬೈಲ್ ಬಂದಿದ್ದರೂ ಡಾಕ್ಟರುಗಳ ಫೋನೆಲ್ಲ ಇನ್ನೂ ನಮ್ಮ ಕೌಂಟರಿನ ಲ್ಯಾಂಡ್‌ಲೈನಿಗೇ ಬರುತ್ತಿತ್ತು.

ಲ್ಯಾಬಿನಲ್ಲಿ ನನ್ನ ಪಾಲಿಗೆ ಬಂದದ್ದು ಕಲ್ಚರ್ ವಿಭಾಗ. ರೋಗಿಯ ಗಂಟಲಲ್ಲೋ ರಕ್ತದಲ್ಲೋ ಕೀವಿನಲ್ಲೋ ಬ್ಯಾಕ್ಟೀರಿಯಾ ಇದೆಯೇ ಎಂದು ಖಚಿತವಾಗಿ ಹೇಳಬೇಕಾದರೆ ಅದಕ್ಕೆ ಊಟ ಹಾಕಿ ಬೆಳೆಸಿ ನೋಡಬೇಕು. ಕೆಲವು ಬ್ಯಾಕ್ಟೀರಿಯಾ ಹಾಕಿದ್ದನ್ನು ತಿಂದು ಬೆಳೆಯುತ್ತವೆ. ಇನ್ನು ಕೆಲವು ನನ್ನ ತಮ್ಮನ ಹಾಗೆ, ಊಟದಲ್ಲಿ ಬಲು ನಾಜೂಕು. ರಕ್ತ ಬೆರೆಸಿಕೊಡದಿದ್ದರೆ ಕಣ್ಣೇ ಬಿಡುವುದಿಲ್ಲ. ಅವುಗಳಿಗಾಗಿ ನಾವು ಕೆಂಪು ತಟ್ಟೆ ಮಾಡುತ್ತಿದ್ದೆವು. ಅಗರ್ ಎನ್ನುವ, ಜೆಲ್ಲಿಯಂತೆ ಗಟ್ಟಿಯಾಗುವ ಪದಾರ್ಥವನ್ನು ಕುದಿಸಿ, ಫ್ಲಾಸ್ಕನ್ನು ಕೆನ್ನೆಗೆ ತಾಗಿಸಿದರೆ ತಡೆಯುವಷ್ಟು ಆರಿಸಿ, ಅದಕ್ಕೆ ಕುರಿಯ ರಕ್ತ ಬೆರೆಸಿ, ಮುಚ್ಚಳವಿರುವ ಗಾಜಿನ ತಟ್ಟೆಗಳಿಗೆ ಹುಯ್ಯುವುದು. ಸಿದ್ಧ ತಟ್ಟೆಗಳು ಮಾರಾಟಕ್ಕೆ ಸಿಗುತ್ತಿದ್ದವು. ಆದರೆ ನಮ್ಮ ಲ್ಯಾಬಿನ ಮುಖ್ಯಸ್ಥೆಗೆ ಬೇರೆಯವರು ಮಾಡಿದ್ದರ ಮೇಲೆ ನಂಬಿಕೆಯಿರಲಿಲ್ಲ. ಐವತ್ತು ದಾಟಿದ ಪೆಥಾಲಜಿಸ್ಟ್ ಅವರು, ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಹೊರಗಿನ ಸಾರಿನ ಪುಡಿಯನ್ನೂ ಮನೆಗೆ ತರದ ಹೆಂಗಸು ಹೊರಗಿನ ತಟ್ಟೆಯನ್ನು ಹೇಗೆ ತರಿಸಿಯಾರು?

ಹಾಗಾಗಿ ಹದಿನೈದು ದಿನಕ್ಕೊಮ್ಮೆ, ಬುಧವಾರ, ನಾನು ಮಾಗಡಿ ರಸ್ತೆಯ ಬಸ್ಸು ಹತ್ತಿ ಶ್ರೀಗಂಧದ ಕಾವಲಿಗೆ ಹೋಗುತ್ತಿದ್ದೆ. ಅಜ್ಜಿಯದು ಅಲ್ಲಿಯ ಹಳೆಯ ಒಕ್ಕಲು ಮನೆತನ. ಜಮೀನೆಲ್ಲ ಸೈಟುಗಳಾಗಿ, ಮಗ ಬಾಡಿಗೆ ಮನೆ ಕಟ್ಟಿಸಿದ್ದರೂ ಅಜ್ಜಿ ಮಾತ್ರ ಮೂರು ಕುರಿಗಳನ್ನು ಬಿಟ್ಟಿರಲಿಲ್ಲ. ಎರಡು ಹೊಸ ಕಟ್ಟಡಗಳ ನಡುವಿನ ಖಾಲಿ ಸೈಟಿನಲ್ಲಿ ಅವನ್ನು ಕಟ್ಟಿ, ಎದುರಿಗೆ ಕಲ್ಲಿನ ಮೇಲೆ ಕೂತಿರುತ್ತಿದ್ದರು. ರಕ್ತ ತೆಗೆಯುವ ಮೊದಲು ಕುರಿಯ ಕತ್ತಿಗೆ ಅರಿಸಿನ ಹಚ್ಚುವುದು ಅವರ ಕಟ್ಟುಪಾಡು. ಅವರು ಹಚ್ಚುತ್ತಿದ್ದರು, ನಾನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದೆ, ಅವರು ಮತ್ತೆ ಹಚ್ಚುತ್ತಿದ್ದರು. ಕೊನೆಗೆ ಸೂಜಿ ಚುಚ್ಚುವ ಜಾಗ ನನ್ನದು, ಸುತ್ತಲಿನದು ಅವರದು ಎಂದು ರಾಜಿಯಾಗಿತ್ತು. ತೆಗೆದ ರಕ್ತವನ್ನು ಗಾಜಿನ ಮಣಿಗಳಿರುವ ಫ್ಲಾಸ್ಕಿಗೆ ಹಾಕಿ ಹತ್ತು ನಿಮಿಷ ಬಿಡದೆ ಸುತ್ತಿಸಬೇಕು. ಹೆಪ್ಪುಗಟ್ಟುವ ಎಳೆಗಳೆಲ್ಲ ಮಣಿಗಳಿಗೆ ಸುತ್ತಿಕೊಂಡು ಉಳಿದ ರಕ್ತ ನೀರಾಗಿಯೇ ಇರುತ್ತದೆ. ನಾನು ಫ್ಲಾಸ್ಕು ತಿರುಗಿಸುತ್ತಿದ್ದರೆ ಅಜ್ಜಿ ಕುರಿಗೆ ಬೆಲ್ಲ ತಿನ್ನಿಸುತ್ತ, ಇದನ್ನೆಲ್ಲ ಯಾರಿಗೆ ಕುಡಿಸುತ್ತೀರಿ ಎಂದು ಪ್ರತಿ ಸಲವೂ ಕೇಳುತ್ತಿದ್ದರು. ಹುಳಗಳಿಗೆ ಅಜ್ಜಿ, ಎಂದರೆ ನಂಬುತ್ತಿರಲಿಲ್ಲ.

ನಾನು ಹೇಳಬೇಕೆಂದಿರುವ ವಾರವೂ ಹೀಗೇ ಶುರುವಾಯಿತು. ಬುಧವಾರ ರಕ್ತ ತಂದೆ, ಗುರುವಾರ ತಟ್ಟೆ ಹುಯ್ದೆ, ಶುಕ್ರವಾರ ಬೆಳಿಗ್ಗೆ ಒಬ್ಬ ಹೆಂಗಸು ಬಂದರು.

ಬಸವೇಶ್ವರನಗರದ ಒಂದು ನರ್ಸಿಂಗ್ ಹೋಮಿನಿಂದ ಬಂದಿದ್ದರು. ಆ ಕಾಲದಲ್ಲಿ ಸಣ್ಣ ಆಸ್ಪತ್ರೆಗಳಲ್ಲಿ ತೆಗೆದ ಸ್ಯಾಂಪಲ್ಲನ್ನು ಮನೆಯವರೇ ಲ್ಯಾಬಿಗೆ ಹೊತ್ತು ತರುವುದು ವಾಡಿಕೆ. ಗಂಡನಿಗೆ ಮೂರು ದಿನದ ಜ್ವರ, ತಲೆ ಸಿಡಿಯುವ ನೋವು, ವಾಂತಿ. ಬಡಾವಣೆಯ ಕ್ಲಿನಿಕ್ಕಿನಲ್ಲಿ ಎರಡು ದಿನ ಮಾತ್ರೆ ಕೊಟ್ಟಿದ್ದರಂತೆ. ಮೂರನೆಯ ದಿನ ಆತ ಕತ್ತು ಬಗ್ಗಿಸಲಾರದೆ ಮಾತು ತೊದಲತೊಡಗಿದಾಗ ಆಸ್ಪತ್ರೆಗೆ ಸೇರಿಸಿದ್ದರು. ಗದಗದ ಕಡೆಯವರು. ಗಂಡ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮಷೀನು ನಡೆಸುವವನು. ಬೆಂಗಳೂರಿಗೆ ಬಂದು ಇನ್ನೂ ಒಂದು ವರ್ಷವಾಗಿರಲಿಲ್ಲ. ಅವರ ಬಟ್ಟೆಚೀಲದಲ್ಲಿ, ಇಂಜೆಕ್ಷನ್ ಶುರುಮಾಡುವ ಮೊದಲೇ ತೆಗೆದ ಗಂಡನ ರಕ್ತವನ್ನು ಸಾರಿನಂಥ ದ್ರವಕ್ಕೆ ಹಾಕಿದ ಒಂದು ಬಾಟಲಿಯಿತ್ತು. ಬೆನ್ನುಮೂಳೆಯ ನಡುವಿನಿಂದ ತೆಗೆದ ನೀರಿನ ಪುಟ್ಟ ಟ್ಯೂಬನ್ನು ಮಾತ್ರ ಚೀಲಕ್ಕೆ ಹಾಕದೆ, ಸೆರಗಿನೊಳಗೆ ಮುಷ್ಟಿಯಲ್ಲಿ ಹಿಡಿದು ತಂದಿದ್ದರು. ತಣ್ಣಗಾಗಬಾರದು ಎಂದು ನರ್ಸ್ ಹೇಳಿದ್ದರಂತೆ. ನಾನು ಕೈ ಚಾಚಿದರೆ ಮುಷ್ಟಿ ಬಿಚ್ಚಲು ಅವರಿಗೆ ಒಂದು ಗಳಿಗೆ ಹಿಡಿಯಿತು. ಟ್ಯೂಬು ಬೆಚ್ಚಗಿತ್ತು.

ಮಿದುಳನ್ನು ತೆಳ್ಳಗಿನ ಪೊರೆಗಳು ಸುತ್ತಿಕೊಂಡಿರುತ್ತವೆ, ಆ ಪೊರೆಗಳ ನಡುವೆ ನೀರು ಆಡುತ್ತಿರುತ್ತದೆ. ಅದೇ ನೀರು ಬೆನ್ನುಹುರಿಯ ಸುತ್ತಲೂ ಇಳಿದಿರುವುದರಿಂದ ಸೊಂಟದ ಹತ್ತಿರ ಸೂಜಿ ಹಾಕಿ ತೆಗೆಯಬಹುದು. ಆರೋಗ್ಯವಂತರದು ಕುಡಿಯುವ ನೀರಿನಷ್ಟು ತಿಳಿ. ಈತನದು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು. ಪೊರೆಗಳಿಗೆ ಸೋಂಕು ತಗುಲಿರುವುದು ನೋಡಿದರೇ ತಿಳಿಯುತ್ತಿತ್ತು. ಯಾವ ಸೋಂಕು ಎನ್ನುವುದು ಪ್ರಶ್ನೆ. ಸಾಧಾರಣ ಬ್ಯಾಕ್ಟೀರಿಯಾ ಆಗಿದ್ದರೆ ಆಗಲೇ ಶುರುಮಾಡಿದ್ದ ಇಂಜೆಕ್ಷನ್ನನ್ನು ಎರಡು ವಾರ ಮುಂದುವರಿಸಬೇಕು. ಟಿಬಿ ಆಗಿದ್ದರೆ ಅದರಿಂದ ಉಪಯೋಗವಿಲ್ಲ, ತಿಂಗಳುಗಟ್ಟಲೆ ಬೇರೆಯೇ ಔಷಧ. ತಪ್ಪು ದಾರಿ ಹಿಡಿದರೆ ಆತ ಉಳಿಯುವುದಿಲ್ಲ. ಅದನ್ನು ಹೇಳಬೇಕಾದವರು ನಾವು.

ನಾನು ಒಂದು ಹನಿಯನ್ನು ಗಾಜಿನ ಮೇಲೆ ಒಣಗಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕೀವಿನ ಕಣಗಳು ಬೇಕಾದಷ್ಟಿದ್ದವು. ಬ್ಯಾಕ್ಟೀರಿಯಾ ಕಾಣಲಿಲ್ಲ. ಕ್ಲಿನಿಕ್ಕಿನ ಮಾತ್ರೆ ನುಂಗಿದ್ದರಿಂದ ಕಡಿಮೆಯಾಗಿರಬೇಕು ಎಂದುಕೊಂಡು ಮುಕ್ಕಾಲು ಗಂಟೆ ಸ್ಲೈಡನ್ನು ಇಂಚಿಂಚು ಸರಿಸುತ್ತ ಹುಡುಕಿದೆ. ನನ್ನ ಅಮ್ಮ, ನಿನ್ನ ಮೂಗು ತೂರದ ಪಾತ್ರೆಯೇ ಇಲ್ಲ ಎಂದು ಬೈಯುತ್ತಿದ್ದಳು. ಆ ಬುದ್ಧಿ ಅಲ್ಲಿ ಕೆಲಸಕ್ಕೆ ಬಂತು. ಒಂದು ಮೂಲೆಯಲ್ಲಿ ಎರಡು ನೇರಳೆ ಚುಕ್ಕೆಗಳು, ಒಂದಕ್ಕೊಂದು ತಾಗಿಕೊಂಡು, ಹೊರತುದಿ ಚೂಪಾಗಿ ನಿಂತಿದ್ದವು. ಸ್ವಲ್ಪ ದೂರದಲ್ಲಿ ಅಂಥದೇ ಇನ್ನೊಂದು ಜೋಡಿ. ಅಷ್ಟೇ. ನ್ಯುಮೋಕಾಕಸ್ ಎನ್ನುವ ಬ್ಯಾಕ್ಟೀರಿಯಾ ಹೀಗೇ ಜೋಡಿಯಾಗಿರುತ್ತದೆ. ಎಷ್ಟೋ ಜನರ ಮೂಗು ಗಂಟಲಲ್ಲಿ ಯಾರಿಗೂ ತೊಂದರೆ ಕೊಡದೆ ಇರುವ ಜೀವಿ ಅದು. ಯಾವಾಗಲೋ ಒಮ್ಮೆ ರಕ್ತಕ್ಕೆ ಇಳಿದು, ರಕ್ತದ ಜೊತೆ ಹೋಗಿ, ಮಿದುಳಿನ ಪೊರೆಗಳಲ್ಲಿ ಬಿಡಾರ ಹೂಡುತ್ತದೆ. ಮೇಡಂ ಅವರನ್ನು ಕೂಗಿದೆ.

ಮೇಡಂ ಬಂದು ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಬಣ್ಣದ ಕೊಳೆಯೂ ಹೀಗೆ ಕೂರುತ್ತದೆ, ಎರಡು ಜೋಡಿ ನೋಡಿ ವರದಿ ಬರೆಯಲಾಗುವುದಿಲ್ಲ, ತಟ್ಟೆಯಲ್ಲಿ ಬೆಳೆಯಲಿ, ಆಮೇಲೆ ಮಾತಾಡೋಣ ಎಂದರು. ಅವರು ಹೇಳಿದ್ದು ಸರಿಯೇ. ನಾನು ನೀರನ್ನು ಕೆಂಪು ತಟ್ಟೆಗೆ ಎಳೆದು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟೆ. ರಕ್ತದ ಬಾಟಲಿಯನ್ನೂ ಇಟ್ಟೆ.

ಶನಿವಾರ ಬೆಳಿಗ್ಗೆ ಬಸ್ಸಿನಿಂದಿಳಿದು ಬ್ಯಾಗನ್ನೂ ಕೆಳಗಿಡದೆ ಪೆಟ್ಟಿಗೆ ತೆಗೆದೆ. ತಟ್ಟೆಯಲ್ಲಿ ಏನೂ ಇರಲಿಲ್ಲ. ನಯವಾಗಿ, ಕೆಂಪಗೆ, ಹಿಂದಿನ ದಿನ ಇಟ್ಟ ಹಾಗೆಯೇ ಇತ್ತು. ರಕ್ತದ ಬಾಟಲಿಯಿಂದ ಒಂದು ಹನಿ ತೆಗೆದು ಇನ್ನೊಂದು ಕೆಂಪು ತಟ್ಟೆಗೆ ಹಾಕಿದೆ. ಆ ಹೆಂಗಸು ಬೆಂಚಿನ ಮೇಲೆ ಕೂತೇ ಇದ್ದರು. ಗಂಡನಿಗೆ ಪ್ರಜ್ಞೆ ಬಂದು ಹೋಗಿ ಆಗುತ್ತಿತ್ತು. ನಾನು ಕೌಂಟರಿನಿಂದಾಚೆ ಬಂದಾಗ ಎದ್ದು ನಿಂತು, ಪಿಸುಮಾತಿನಲ್ಲಿ ಕೇಳಿದರು.

“ಅಕ್ಕಾರ, ಅದರಾಗ ಏನರ ಕಾಣಿಸ್ತೇನ್ರಿ? ಟಿಬಿ ಇರಬಹುದು ಅನ್ನಾಕತ್ತಾರ.”

ಎರಡು ಜೋಡಿ ನೋಡಿದ್ದೇನೆ ಎಂದು ಬಾಯಿ ತುದಿಗೆ ಬಂದಿತ್ತು. ಹೇಳುವ ಅಧಿಕಾರ ನನಗಿರಲಿಲ್ಲ. ನಾಳೆ ನೋಡೋಣ ಎಂದೆ. ಮಧ್ಯಾಹ್ನ ನರ್ಸಿಂಗ್ ಹೋಮಿನ ಡಾಕ್ಟರ್ ಫೋನ್ ಮಾಡಿದರು. ರೋಗಿ ಅಂದುಕೊಂಡಷ್ಟು ಸುಧಾರಿಸುತ್ತಿಲ್ಲ, ಸೋಮವಾರದವರೆಗೂ ಏನೂ ಬೆಳೆಯದಿದ್ದರೆ ಈ ಇಂಜೆಕ್ಷನ್ ನಿಲ್ಲಿಸಿ ಟಿಬಿ ಔಷಧ ಶುರುಮಾಡುತ್ತೇನೆ ಎಂದರು. ಮೇಡಂ ಹೂಂ ಎಂದು ಫೋನ್ ಇಟ್ಟರು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಆ ಮಧ್ಯಾಹ್ನ ಹೊಳೆದದ್ದು ಒಂದು ಕ್ಷುಲ್ಲಕ ಸಂಗತಿ. ಹಿಂದಿನ ದಿನ ಹಾಕಿಟ್ಟಿದ್ದ ನಾಲ್ಕು ಗಂಟಲಿನ ತಟ್ಟೆಗಳನ್ನು ಓದುತ್ತಿದ್ದೆ. ನಾಲ್ಕಕ್ಕೂ ರೋಗಕಾರಕ ಇಲ್ಲ ಎಂದು ಬರೆದೆ. ಬರೆದ ಮೇಲೆ ಕೈ ನಿಂತಿತು. ರೋಗಕಾರಕ ಇಲ್ಲ, ಸರಿ. ಆದರೆ ಬೇರೆಯವೂ ಇಲ್ಲವಲ್ಲ? ಯಾರ ಗಂಟಲಾದರೂ ಆಗಲಿ, ಅಲ್ಲಿ ಖಾಯಂ ಬಾಡಿಗೆದಾರರಿದ್ದಾರೆ. ಕೆಂಪು ತಟ್ಟೆಗೆ ಹಾಕಿದರೆ ಸುತ್ತ ಹಸಿರು ಕಲೆ ಮಾಡಿಕೊಂಡು ಬೆಳೆಯುವ ಸಣ್ಣ ಸಣ್ಣ ಚುಕ್ಕೆಗಳು. ದಿನವೂ ನೋಡಿ ನೋಡಿ ಅವುಗಳತ್ತ ಗಮನವೇ ಹೋಗುತ್ತಿರಲಿಲ್ಲ. ಅವತ್ತು ನಾಲ್ಕು ಗಂಟಲಿನಲ್ಲಿ ಒಂದೂ ಇರಲಿಲ್ಲ. ರಕ್ತ ಬೆರೆಸದ ಮೂತ್ರದ ತಟ್ಟೆಗಳು ಮಾತ್ರ ಎಂದಿನಂತೆ ತುಂಬಿ ತುಳುಕುತ್ತಿದ್ದವು.

ಮೊದಲು ಅಜ್ಜಿಯ ಅರಿಸಿನದ ಮೇಲೆ ಅನುಮಾನ ಬಂತು. ಆದರೆ ಅರಿಸಿನ ಹಿಂದಿನ ತಿಂಗಳೂ ಇತ್ತು, ಅದರ ಹಿಂದಿನ ತಿಂಗಳೂ ಇತ್ತು. ನಾನು ಹತ್ತಿಯ ಕಡ್ಡಿ ತೆಗೆದುಕೊಂಡು ಕನ್ನಡಿಯ ಮುಂದೆ ನಿಂತು ನನ್ನ ಗಂಟಲಿನಿಂದಲೇ ಸ್ಯಾಂಪಲ್ ತೆಗೆದು ಗುರುವಾರ ಹುಯ್ದ ಇನ್ನೊಂದು ಕೆಂಪು ತಟ್ಟೆಗೆ ಎಳೆದೆ. ಇನ್ನೊಂದು ಪರೀಕ್ಷೆಯನ್ನೂ ಇಟ್ಟೆ. ಔಷಧಗಳ ಶಕ್ತಿ ನೋಡಲು ನಾವು ಲ್ಯಾಬಿನಲ್ಲಿ ಒಂದು ಸಾಧು ಬ್ಯಾಕ್ಟೀರಿಯಾವನ್ನು ಸಾಕಿಕೊಂಡಿದ್ದೆವು. ಅದು ಯಾವ ಔಷಧಕ್ಕಾದರೂ ಸಾಯುತ್ತಿತ್ತು, ಔಷಧವಿಲ್ಲದಿದ್ದರೆ ರಕ್ತವಿಲ್ಲದ ತಟ್ಟೆಯಲ್ಲೂ ಚೆನ್ನಾಗಿ ಬೆಳೆಯುತ್ತಿತ್ತು. ಅಂಥ ಒಂದು ತಟ್ಟೆಯ ತುಂಬ ಅದನ್ನು ಹಚ್ಚಿ, ಫ್ರಿಜ್ಜಿನಲ್ಲಿ ಉಳಿದಿದ್ದ ಕುರಿರಕ್ತದಲ್ಲಿ ಅದ್ದಿದ ಕಾಗದದ ಚೂರೊಂದನ್ನು ನಡುವೆ ಇಟ್ಟೆ. ಮೇಡಂಗೆ ಹೇಳಲಿಲ್ಲ. ಹೇಳಿದ್ದರೆ, ಮಾಡಲು ಬೇರೆ ಕೆಲಸವಿಲ್ಲವೇ ಎನ್ನುತ್ತಿದ್ದರು.

ಭಾನುವಾರ ನಮಗೆ ಅರ್ಧ ದಿನ. ನಾನು ಏಳೂವರೆಗೇ ಹೋಗಿ ಬಾಗಿಲು ತೆಗೆಸಿದೆ. ರೋಗಿಯ ನೀರಿನ ತಟ್ಟೆ ಖಾಲಿ. ಅವನ ರಕ್ತ ಹಾಕಿದ ತಟ್ಟೆಯೂ ಖಾಲಿ. ನನ್ನ ಗಂಟಲಿನ ತಟ್ಟೆಯಲ್ಲೂ ಹಸಿರಿನವು ಒಂದೂ ಇರಲಿಲ್ಲ. ಇಪ್ಪತ್ತನಾಲ್ಕು ವರ್ಷ ಬೆಂಗಳೂರಿನ ಗಾಳಿ ಕುಡಿದ ಗಂಟಲು ಅಷ್ಟು ಚೊಕ್ಕಟವಿರಲು ಸಾಧ್ಯವೇ ಇಲ್ಲ. ಕೊನೆಗೆ ಸಾಕಿದ ಬ್ಯಾಕ್ಟೀರಿಯಾದ ತಟ್ಟೆ ತೆಗೆದೆ. ಎಲ್ಲೆಡೆ ಹಾಲಿನ ಕೆನೆಯಂತೆ ಬೆಳೆದಿತ್ತು. ಕುರಿರಕ್ತದ ಕಾಗದದ ಸುತ್ತ ಮಾತ್ರ ಒಂದು ರೂಪಾಯಿ ನಾಣ್ಯದಷ್ಟು ಅಗಲದ, ಕಂಪಾಸಿನಲ್ಲಿ ಎಳೆದಂಥ ತಿಳಿಯಾದ ವೃತ್ತ. ಅಲ್ಲಿ ಏನೂ ಬೆಳೆದಿರಲಿಲ್ಲ.

ಕುರಿಯ ರಕ್ತದಲ್ಲಿ ಔಷಧವಿತ್ತು.

ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಆದದ್ದು ಸಂತೋಷ. ಒಬ್ಬ ಮನುಷ್ಯ ಎರಡು ಮೈಲಿ ಆಚೆ ಸಾವು ಬದುಕಿನ ನಡುವೆ ಮಲಗಿದ್ದಾನೆ, ನಾನು ವೃತ್ತ ನೋಡಿಕೊಂಡು ಹಲ್ಲು ಬಿಡುತ್ತ ನಿಂತಿದ್ದೆ. ಆಮೇಲೆ ನಾಚಿಕೆಯಾಯಿತು. ಬಸ್ಸಿಗೆ ಓಡಿದೆ.

ಬುಧವಾರ ಬರಬೇಕಾದವಳು ಭಾನುವಾರ ಬಂದದ್ದು ನೋಡಿ ಅಜ್ಜಿಗೆ ಗಾಬರಿ. ಕುರಿಗಳಿಗೆ ಏನಾದರೂ ಇಂಜೆಕ್ಷನ್ ಕೊಡಿಸಿದ್ದೀರಾ ಎಂದು ಕೇಳಿದೆ. ಅವರು ಮುಚ್ಚಿಡುವವರಲ್ಲ.

“ಕೊಡ್ಸಿದ್ನಲ್ಲವ್ವ. ಒಂದು ಕಾಲು ಎಳೀತಿತ್ತು, ಗೊರಸಲ್ಲಿ ಕೀವಾಗಿತ್ತು. ಒಂದಕ್ಕೆ ಬಂದಿದ್ದು ಮೂರಕ್ಕೂ ಬರುತ್ತೆ ಅಂತ ಮೂರಕ್ಕೂ ಹಾಕುಸ್ದೆ. ಸೋಮವಾರ, ಮಂಗಳವಾರ, ಬುಧವಾರ, ಬೆಳಿಗ್ಗೆ ಬೆಳಿಗ್ಗೆ ದನದ ಡಾಕ್ಟ್ರು ಬಂದು ಪೆನ್ಸಿಲಿನ್ ಹಾಕೋದ್ರು.”

“ನಂಗೆ ಹೇಳ್ಲೇ ಇಲ್ವಲ್ಲ ಅಜ್ಜಿ?”

“ಏನ್ ಹೇಳೋದು? ಅವ್ರು ಚುಚ್ಚಿದ್ದು ತೊಡೆಗೆ ಕಣವ್ವ. ನೀನ್ ತಗೊಳೋದು ಕತ್ತಲ್ಲಿ.”

ನನಗೆ ನಗು ಬಂತು, ಅಜ್ಜಿಯ ಮುಖ ನೋಡಿ ನುಂಗಿಕೊಂಡೆ. ಅವರ ಲೆಕ್ಕದಲ್ಲಿ ತಪ್ಪೇನಿತ್ತು? ನೋವಿದ್ದದ್ದು ಕಾಲಿಗೆ, ಸೂಜಿ ಬಿದ್ದದ್ದು ಕಾಲಿಗೆ, ವಾಸಿಯಾದದ್ದೂ ಕಾಲು. ತಪ್ಪು ನನ್ನದು. ವರ್ಷದಿಂದ ಬರುತ್ತಿದ್ದೆ, ಕುರಿ ಮೇವು ತಿಂತೇ ಎಂದು ಕೇಳುತ್ತಿದ್ದೆ, ಮರಿ ಹಾಕುವುದು ಯಾವಾಗ ಎಂದು ಕೇಳುತ್ತಿದ್ದೆ, ಔಷಧ ಏನಾದರೂ ಕೊಟ್ಟಿರಾ ಎಂದು ಮಾತ್ರ ಒಂದು ದಿನವೂ ಕೇಳಿರಲಿಲ್ಲ. ತೊಡೆಗೆ ಹಾಕಿದ್ದು ಕತ್ತಿಗೂ ಬರುತ್ತದೆ ಅಜ್ಜಿ, ರಕ್ತ ಸುತ್ತುತ್ತಲೇ ಇರುತ್ತದೆ ಎಂದೆ. ಅವರು ಕುರಿಯ ತೊಡೆ ನೋಡಿದರು, ಕತ್ತು ನೋಡಿದರು, ನಾನು ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಆ ಔಷಧದ ರಕ್ತ ಹೋದವರಿಗೆ ಏನೂ ಆಗಲಿಲ್ಲ ತಾನೇ ಎಂದು ಕೇಳಿದರು. ನಾನು ಬಸ್ ಸ್ಟಾಪಿಗೆ ಹೊರಟೆ.

ವಾಪಸ್ಸಿನ ಬಸ್ಸಿನಲ್ಲಿ ಕಿಟಕಿಗೆ ಒರಗಿ ಕೂತವಳಿಗೆ ತಲೆಯಲ್ಲಿ ಇದೇ ಓಡುತ್ತಿತ್ತು. ಆ ಲೇತಿನವನ ಗಂಟಲಿಗೂ ಮಿದುಳಿಗೂ ಇರುವುದು ಒಂದು ಗೇಣಿನ ದೂರ. ಆದರೆ ಆ ಜೋಡಿ ಚುಕ್ಕೆಗಳು ಆ ಗೇಣನ್ನು ನೇರವಾಗಿ ದಾಟಿ ಹೋಗಿರಲಾರವು. ರಕ್ತಕ್ಕೆ ಇಳಿದು, ಹೃದಯ ಹೊಕ್ಕು, ಶ್ವಾಸಕೋಶ ಸುತ್ತಿ, ಕೈಕಾಲಿನ ತುದಿಯವರೆಗೆ ಎಷ್ಟು ಸಲ ಹೋಗಿ ಬಂದಿದ್ದವೋ. ಅಷ್ಟೆಲ್ಲ ಜಾಗ ಬಿಟ್ಟು ಮಿದುಳಿನ ಪೊರೆಯಲ್ಲೇ ಯಾಕೆ ಇಳಿದವು? ನನ್ನ ಗಂಟಲಲ್ಲೂ ಇರಬಹುದಾದದ್ದು ನನ್ನಲ್ಲಿ ಯಾಕೆ ಸುಮ್ಮನಿದೆ? ನನಗೆ ಭಯಕ್ಕಿಂತ ಹೆಚ್ಚಾಗಿ ಸೋಜಿಗವಾಗುತ್ತಿತ್ತು.

ಲ್ಯಾಬಿಗೆ ಬರುವಷ್ಟರಲ್ಲಿ ಹನ್ನೊಂದು. ಮೇಡಂ ಮುಂದೆ ವೃತ್ತದ ತಟ್ಟೆ ಇಟ್ಟು ಎಲ್ಲ ಹೇಳಿದೆ. ಅವರ ಮುಖ ಕೆಂಪಾಯಿತು. ಮೊದಲು ನನ್ನನ್ನು ಬೈದರು, ಆಮೇಲೆ ಅಜ್ಜಿಯನ್ನು, ಕೊನೆಗೆ ಕುರ್ಚಿಯಲ್ಲಿ ಕೂತರು. ಗುರುವಾರದಿಂದ ಹೋದ ವರದಿಗಳನ್ನೆಲ್ಲ ವಾಪಸ್ ತರಿಸಬೇಕು ಎಂದರು. ರೋಗಿಯ ರಕ್ತದ ಬಾಟಲಿಯಲ್ಲಿ ಕುರಿರಕ್ತ ಇಲ್ಲ, ಅದು ಬರೀ ಸಾರಿನಂಥ ದ್ರವ, ಅದರಲ್ಲಿ ಜೀವಿ ಇನ್ನೂ ಬದುಕಿರಬಹುದು ಎಂದು ನಾನೆಂದೆ. ಬೇಕಾಗಿರುವುದು ಔಷಧವಿಲ್ಲದ ರಕ್ತದ ಒಂದೇ ಒಂದು ತಟ್ಟೆ. ಭಾನುವಾರ ಸಿದ್ಧ ತಟ್ಟೆ ಸಿಗುವುದಿಲ್ಲ. ಮೂರು ಕುರಿಯೂ ಪೆನಿಸಿಲಿನ್ ಮಯ. ಮನುಷ್ಯರ ರಕ್ತದಲ್ಲಿ ತಟ್ಟೆ ಮಾಡುವುದನ್ನು ಸೋಂಕಿನ ಭಯಕ್ಕೆ ಮೇಡಂ ಹಿಂದೆಯೇ ನಿಷೇಧಿಸಿದ್ದರು. ನಾನು ತೋಳಿನ ಬಟ್ಟೆ ಮಡಚಿ ಕೈಯನ್ನು ಮೇಜಿನ ಮೇಲಿಟ್ಟೆ.

ಮೇಡಂ ನನ್ನ ತೋಳನ್ನು ನೋಡಿದರು.

“ನಂದು ತಗೊಳೋಣ ಅಂದ್ರೆ ಹಲ್ಲಿಗೆ ಮಾತ್ರೆ ನುಂಗ್ತಾ ಇದೀನಿ. ನೀನು ಏನೂ ತಗೊಂಡಿಲ್ಲ ತಾನೆ? ಜ್ಞಾಪಿಸ್ಕೊಂಡು ಹೇಳು.”

ಇಲ್ಲ ಮೇಡಂ ಎಂದೆ. ಅವರೇ ರಕ್ತ ತೆಗೆದರು. ಹತ್ತು ವರ್ಷದಿಂದ ಸೂಜಿ ಹಿಡಿಯದ ಕೈ, ಚೆನ್ನಾಗಿ ನೋಯಿಸಿತು. ಗಾಜಿನ ಮಣಿಗಳಿರುವ ಫ್ಲಾಸ್ಕಿಗೆ ಹಾಕಿ ನಾನು ಒಂದೇ ಕೈಯಲ್ಲಿ ಸುತ್ತಿಸಿದೆ. ಮಣಿಗಳಿಗೆ ಎಳೆ ಸುತ್ತಿಕೊಳ್ಳುವುದನ್ನು ನೂರು ಸಲ ನೋಡಿದ್ದರೂ ನನ್ನದೇ ಎಂದಾಗ ಕಣ್ಣು ಕೀಳಲಾಗಲಿಲ್ಲ. ಆರು ತಟ್ಟೆ ಹುಯ್ದೆವು. ಗಟ್ಟಿಯಾದ ಕೂಡಲೇ ಒಂದಕ್ಕೆ ನನ್ನ ಗಂಟಲು, ಎರಡಕ್ಕೆ ರೋಗಿಯ ಬಾಟಲಿಯ ಹನಿ. ಮೇಡಂ ಡಾಕ್ಟರಿಗೆ ಫೋನ್ ಮಾಡಿ, ನಮ್ಮ ತಟ್ಟೆಯಲ್ಲಿ ದೋಷವಿತ್ತು, ಏನೂ ಬೆಳೆಯಲಿಲ್ಲ ಎನ್ನುವುದನ್ನು ಲೆಕ್ಕಕ್ಕೆ ಇಡಬೇಡಿ, ನಾಳೆ ನಾನು ಹೇಳುವವರೆಗೆ ಇಂಜೆಕ್ಷನ್ ನಿಲ್ಲಿಸಬೇಡಿ ಎಂದರು. ಅಷ್ಟು ಗತ್ತಿನ ಹೆಂಗಸು ಫೋನಿನಲ್ಲಿ ತಪ್ಪು ಒಪ್ಪಿಕೊಂಡದ್ದು ನೋಡಿ ನನಗೆ ಅವರ ಮೇಲೆ ಗೌರವ ಇಮ್ಮಡಿಯಾಯಿತು.

ಸೋಮವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಪೆಟ್ಟಿಗೆ ತೆಗೆದೆವು. ನನ್ನ ಗಂಟಲಿನ ಹಸಿರು ಬಾಡಿಗೆದಾರರು ಒಬ್ಬರೂ ತಪ್ಪಿಸಿಕೊಳ್ಳದೆ ಹಾಜರಿದ್ದರು. ರೋಗಿಯ ಎರಡು ತಟ್ಟೆಗಳ ತುಂಬ ಸಾಸಿವೆಗಿಂತ ಸಣ್ಣ, ಹೊಳೆಯುವ, ನಡುವೆ ಗುಳಿ ಬಿದ್ದ ಚುಕ್ಕೆಗಳು. ಪಿತ್ತದ ಉಪ್ಪು ಬೆರೆಸಿದ ನೀರನ್ನು ಹಾಕಿದರೆ ನ್ಯುಮೋಕಾಕಸ್ ಕರಗಿಹೋಗುತ್ತದೆ, ಅದರ ಸೋದರ ಸಂಬಂಧಿಗಳು ಕರಗುವುದಿಲ್ಲ. ಹಾಕಿದೆ. ಚುಕ್ಕೆಗಳನ್ನು ಕಲಸಿ ಮಬ್ಬಾಗಿದ್ದ ಟ್ಯೂಬು ನೋಡುತ್ತಿದ್ದಂತೆ ತಿಳಿಯಾಯಿತು. ಮೇಡಂ ಫೋನಿನ ಹತ್ತಿರ ಹೋದರು. ನಾನು ಆ ತಟ್ಟೆಯನ್ನು ಬೆಳಕಿಗೆ ಹಿಡಿದು ನಿಂತಿದ್ದೆ. ಒಬ್ಬನನ್ನು ಕೊಲ್ಲಲು ಹೊರಟದ್ದು ನನ್ನ ರಕ್ತ ಉಂಡು ಬೆಳೆದಿತ್ತು. ಅದರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಇಂಜೆಕ್ಷನ್ ನಿಲ್ಲಲಿಲ್ಲ. ಟಿಬಿಯ ಮಾತು ಬಿಟ್ಟುಹೋಯಿತು. ಗುರುವಾರದ ಹೊತ್ತಿಗೆ ಆತ ಹೆಂಡತಿಯ ಗುರುತು ಹಿಡಿದನೆಂದೂ, ಇನ್ನೊಂದು ವಾರದಲ್ಲಿ ಎದ್ದು ಕೂತನೆಂದೂ ಡಾಕ್ಟರ್ ತಿಳಿಸಿದರು. ಲ್ಯಾಬಿನಲ್ಲಿ ಮೇಡಂ ಎಲ್ಲರಿಗೂ ಮೈಸೂರು ಪಾಕ್ ತರಿಸಿದರು, ಕುರಿಯ ವಿಷಯ ಹೊರಗೆ ಹೋಗಬಾರದು ಎಂದು ತಾಕೀತು ಮಾಡಿದರು.

ಸುಮಾರು ಒಂದು ತಿಂಗಳ ಮೇಲೆ ಗಂಡ ಹೆಂಡತಿ ಇಬ್ಬರೂ ಲ್ಯಾಬಿಗೆ ಬಂದರು. ಗಂಡ ಸೊರಗಿದ್ದ, ಆದರೆ ಕಣ್ಣುಗಳು ಚುರುಕಾಗಿದ್ದವು. ತನ್ನ ತಲೆಯಲ್ಲಿದ್ದದ್ದು ಏನು ಎಂದು ಒಮ್ಮೆ ಕಣ್ಣಾರೆ ನೋಡಬೇಕಂತೆ ಎಂದು ಹೆಂಡತಿ ಸಂಕೋಚದಿಂದ ಹೇಳಿದರು. ಹಾಗೆ ಕೇಳಿದ ರೋಗಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೋ ಹಬ್ಬ. ಸ್ಲೈಡನ್ನು ಎತ್ತಿಟ್ಟಿದ್ದೆ, ಹಾಕಿಕೊಟ್ಟೆ. ಆತ ಕಣ್ಣನ್ನು ಮೈಕ್ರೋಸ್ಕೋಪಿಗೆ ಒತ್ತಿಕೊಂಡು, ಅಲ್ಲಾಡದೆ ನೋಡತೊಡಗಿದ. ಲೇತಿನವರ ಕಣ್ಣು, ಕೂದಲೆಳೆಯ ವ್ಯತ್ಯಾಸ ಹಿಡಿಯುವಂಥದು. ನಾನು ಪಕ್ಕದಲ್ಲಿ ನಿಂತು ಎಲ್ಲ ಹೇಳಿದೆ. ಗಂಟಲಲ್ಲಿ ಅದು ಹೇಗೆ ಇರುತ್ತದೆ, ರಕ್ತಕ್ಕೆ ಹೇಗೆ ಇಳಿಯುತ್ತದೆ, ಪೊರೆಗಳು ಎಂದರೇನು. ಮೇಡಂ ಆಚೆ ಕೋಣೆಯಲ್ಲಿದ್ದದ್ದರಿಂದ ಧೈರ್ಯ ಮಾಡಿ ಕುರಿ, ಅಜ್ಜಿ, ತೊಡೆ, ಕತ್ತು ಎಲ್ಲವನ್ನೂ ಹೇಳಿಬಿಟ್ಟೆ. ನಮ್ಮಿಂದ ಮೂರು ದಿನ ಹೋಯಿತು, ಕ್ಷಮಿಸಿ ಎಂದೂ ಹೇಳಿದೆ. ಅಷ್ಟು ಹೇಳಿದ್ದಕ್ಕೆ ಎದೆ ಹಗುರಾಯಿತು. ಆತ ತಲೆಯೆತ್ತಿದ. ಇಡೀ ಲ್ಯಾಬಿಗೆ ಕೇಳುವಷ್ಟು ಗಟ್ಟಿಯಾಗಿ ಕೇಳಿದ.

“ಇದು ನನ್ನ ತಲೀಗೆ ಎಲ್ಲಿಂದ ಬಂತ್ರಿ?”

ಈಗ ತಾನೇ ಹೇಳಿದೆನಲ್ಲ ಎಂದು ನಾನು ಹೆಂಡತಿಯ ಕಡೆ ತಿರುಗಿದೆ. ಅವರು ತಲೆ ತಗ್ಗಿಸಿಕೊಂಡಿದ್ದರು.

“ಅವರಿಗೆ ಕೇಳಂಗಿಲ್ರಿ. ಎರಡೂ ಕಿವಿ ಹೋಗ್ಯಾವ.”

ಈ ಸೋಂಕಿನಲ್ಲಿ ಕಿವಿ ಹೋಗುವುದುಂಟು ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಡಾಕ್ಟರನ್ನು ಆಮೇಲೆ ಕೇಳಿದಾಗ, ಅದು ಮೊದಲ ಎರಡು ದಿನದಲ್ಲೇ ಆಗಿಹೋಗಿರುತ್ತದೆ, ಇಂಜೆಕ್ಷನ್ ಒಂದು ಹೊತ್ತೂ ತಪ್ಪಿರಲಿಲ್ಲ, ನಿಮ್ಮ ತಟ್ಟೆಗೂ ಅದಕ್ಕೂ ಸಂಬಂಧವಿಲ್ಲ ಎಂದರು. ನಾನು ನಂಬಿದೆ. ನಂಬುವುದು ನನಗೆ ಅನುಕೂಲವೂ ಆಗಿತ್ತು. ಆದರೆ ಆ ಹೊತ್ತಿನಲ್ಲಿ, ಆತನ ಮುಂದೆ ನಿಂತಾಗ, ಇದು ಯಾವುದೂ ನನಗೆ ಗೊತ್ತಿರಲಿಲ್ಲ. ನಾನು ಕ್ಷಮೆ ಕೇಳಿದ್ದೂ ಆತನಿಗೆ ಕೇಳಿರಲಿಲ್ಲ.

ಒಂದು ಹಾಳೆ ತೆಗೆದುಕೊಂಡು ಬರೆದೆ. ‘ನಿಮ್ಮ ಗಂಟಲಿನಿಂದ. ರಕ್ತದಲ್ಲಿ ಹೋಯಿತು.’ ಆತ ಓದಿ, ಗಂಟಲನ್ನು ಮುಟ್ಟಿಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಬಸ್ಸಿನಲ್ಲಿ ನನ್ನ ತಲೆಯಲ್ಲಿ ಓಡಿದ್ದೇ ಅವನ ತಲೆಯಲ್ಲೂ ಓಡುತ್ತಿತ್ತು.

“ಇಷ್ಟ ದಿನಾ ಅಲ್ಲೇ ಸುಮ್ನ ಇದ್ದದ್ದು, ಆವತ್ತ್ಯಾಕ ಹೊಂಟು ಬಂತ್ರಿ?”

ನಾನು ಪೆನ್ನು ಹಿಡಿದು ನಿಂತೆ. ನನಗೆ ಗೊತ್ತಿದ್ದ ಪುಸ್ತಕಗಳಲ್ಲಿ, ನೋಡಿದ ಅಷ್ಟೂ ತಟ್ಟೆಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ‘ಗೊತ್ತಿಲ್ಲ’ ಎಂದು ಬರೆದೆ. ಕಿವಿ ಕೇಳದವನಿಗೆ ಎಂದೋ ಏನೋ, ಹಾಳೆಯ ಉದ್ದಗಲಕ್ಕೂ ದಪ್ಪ ದಪ್ಪ ಅಕ್ಷರಗಳಲ್ಲಿ ಬರೆದಿದ್ದೆ. ಆತ ಅದನ್ನು ಎರಡು ಸಲ ಓದಿದ, ನಾಲ್ಕು ಮಡಿಕೆ ಮಾಡಿದ, ಆಸ್ಪತ್ರೆಯ ಕಾಗದಗಳ ಜೊತೆ ಇಟ್ಟುಕೊಳ್ಳಲು ಹೆಂಡತಿಯ ಕೈಗೆ ಕೊಟ್ಟ.